ಮಾತೆಗೆ ಹೂ ಕೊಯ್ಯುವ ದಿನಗಳು

ಆಗಸ್ಟ್ 30 ಬಂತೆಂದರೆ ನನಗೆ ಹೂ ಕೊಯ್ಯುವುದೇ ಕೆಲಸ. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಕರಾವಳಿಯ ಕಥೋಲಿಕರಿಗೆ ಮೊಂತಿ ಹಬ್ಬ, ತೆನೆಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದ 1763ರಲ್ಲಿ ಇದನ್ನು ಆರಂಭಿಸಿದರೆಂದು ಹಿರಿಯರು ಹೇಳುತ್ತಾರೆ. ಹಬ್ಬದ ಮುಂಚಿನ ಒಂಬತ್ತು ದಿನ ನೊವೆನ ಪ್ರಾರ್ಥನೆ. ಮಕ್ಕಳು ಹಾಡುತ್ತಾ ಬಂದು ಬಾಲಮರಿಯಳ ಪ್ರತಿಮೆಗೆ ಹೂ ಎರಚುತ್ತಾರೆ. ಈಶ್ವರಮಂಗಲದ ನಮ್ಮ ಮನೆಯಲ್ಲಿ ಅವರ ಬುಟ್ಟಿ ತುಂಬಿಸುವ ಸುಖ ನನ್ನದು.

ಕೇಪಳವನ್ನು ಗೊಂಚಲು ಸಮೇತ ಮುರಿಯಬಾರದು. ಒಂದೊಂದೇ ಹೂವನ್ನು ಬೆರಳ ತುದಿಯಲ್ಲಿ ಹಿಡಿದು ಮೇಲಕ್ಕೆಳೆದರೆ ನಯವಾಗಿ ಕಳಚಿ ಬರುತ್ತದೆ. ಬುಡದಲ್ಲಿ ಸೂಜಿಮೊನೆಯಷ್ಟು ಜೇನು. ಕರ್ಣಕುಂಡಲದ ಎಸಳು ಒತ್ತಿದಲ್ಲೇ ಬಾಡುತ್ತದೆ, ತೊಟ್ಟಿಗೇ ಕೈ ಹಾಕಬೇಕು. ಮಳೆಗೆ ನೆನೆದ ದಾಸವಾಳ ಅಂಟಂಟು. ಅದನ್ನು ಎಲ್ಲದರ ಮೇಲೆ ಇಟ್ಟರಷ್ಟೇ ಬುಟ್ಟಿ ಉಳಿಯುತ್ತದೆ.

ನಮ್ಮ ಅಂಗಳದ ಗಿಡಗಳು ಬೇಗ ಬರಿದಾಗುತ್ತವೆ. ಮತ್ತೆ ತೋಟದ ಕಣಿ ದಾಟಿ ನೆರೆಮನೆಗಳಿಗೆ ಹೋಗಬೇಕು. ಈ ಕೆಲಸ ನನಗೆ ಇಷ್ಟು ಪ್ರಿಯವಾಗಿರುವುದು ಅದಕ್ಕೇ. ಕಾಸರಗೋಡಿನ ಗಡಿಗೆ ತಾಗಿದ ಊರು ನಮ್ಮದು. ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ಮಲಯಾಳ, ಮತ್ತೊಂದರಲ್ಲಿ ಮರಾಠಿ. "ಬಾಯಮ್ಮ, ನಮ್ಮ ದೇವರಿಗೆ ಎರಡು ಸಾಕು. ಉಳಿದದ್ದೆಲ್ಲ ನಿಮ್ಮ ಮಾತೆಗೆ ಕೊಂಡುಹೋಗಿ" ಎನ್ನುವ ಅಜ್ಜಿ ಇದ್ದಾರೆ. ಬ್ಯಾರಿಗಳ ಮನೆಯ ಹುಡುಗ ಕೇಳುವ ಮೊದಲೇ ದೋಟಿ ತಂದು ಎತ್ತರದ ಕೊಂಬೆ ಬಗ್ಗಿಸಿಕೊಡುತ್ತಾನೆ.

ಹೂವಿಗಾಗಿ ಅಲೆಯುವ ಕಣ್ಣಿಗೆ ಬೇರೆಯದೂ ಕಾಣತೊಡಗುತ್ತದೆ. ಒಂದು ಬೆಳಿಗ್ಗೆ ನೋಡಿದರೆ, ತೋಡಿನ ಕಾಲುಸಂಕದ ಪಾಚಿಯನ್ನು ಯಾರೋ ಕೆರೆದು, ಕಾಲು ಜಾರದಂತೆ ಅಡ್ಡಡ್ಡಕ್ಕೆ ಅಡಿಕೆ ಸಲಾಕೆ ಬಡಿದಿದ್ದರು. ಒಂದು ಮೊಳೆ ಸೊಟ್ಟಗಾಗಿತ್ತು. ಮಕ್ಕಳ ಕಾಲಿಗೆ ತಾಗದಿರಲೆಂದು ಅದನ್ನು ಪೂರ್ತಿ ಮಡಚಿ ಒಳಕ್ಕೆ ಹೊಡೆದಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಂದು ರಾತ್ರಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದು, ಮಕ್ಕಳು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಪಡೆದ ಮೇಲೆ, ಆ ಕೈಗಳಿಗಾಗಿ ಇನ್ನೊಂದು 'ನಮೋ ಮರಿಯೆ' ಹೇಳಿದೆವು. ಆಮೇಲೆ ಅದೇ ರೂಢಿಯಾಯಿತು: ಹಗಲು ಕಂಡ ಒಂದು ಒಳ್ಳೆಯದನ್ನು ಪ್ರತಿಯೊಬ್ಬರೂ ಹೇಳಬೇಕು. ಒಳ್ಳೆಯದು, ಸತ್ಯವಾದದ್ದು ಏನೇನಿದೆಯೋ ಅದನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದಾಗ ಅವರು ಸೆರೆಯಲ್ಲಿದ್ದರು. ಸೆರೆಯಲ್ಲಿದ್ದವರಿಗೇ ಅದು ಕಂಡಿತ್ತು; ತೋಟ, ತೋಡು, ನೆರೆಹೊರೆ ಎಲ್ಲ ಇರುವ ನಮಗೆ ಕಾಣದೆ ಹೋಗಬಾರದು.

ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು ಸಿಗುತ್ತದೆ. ಮಧ್ಯಾಹ್ನ ಬಾಳೆಲೆಯಲ್ಲಿ ಕೆಸುವಿನ ದಂಟು-ಅಂಬಟೆಯ ಪದಾರ್ಥ, ಹೊಸ ಅಕ್ಕಿಯ ಕಾಳು ಬೆರೆಸಿದ ಪಾಯಸ. ಊರಿಗೆ ಬರಲಾಗದ ಮಕ್ಕಳಿಗೆ ತೆನೆಯ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುವ ಪದ್ಧತಿಯೂ ನಮ್ಮಲ್ಲಿದೆ. ನಾನು ಅದರೊಳಗೆ ಆ ವರ್ಷ ಕಂಡ ಒಳ್ಳೆಯದನ್ನೆಲ್ಲ ಬರೆದ ಒಂದು ಕಾಗದ ಇಡುತ್ತೇನೆ. ನೀವೂ ಇಡಿ. ಯಾರು ತೀರಿಕೊಂಡರು, ಯಾರ ತೋಟ ಮಾರಾಟವಾಯಿತು ಎಂಬುದು ಅವರಿಗೆ ಫೋನಿನಲ್ಲಿ ಹೇಗೂ ತಿಳಿದಿರುತ್ತದೆ. ಕಾಲುಸಂಕಕ್ಕೆ ಸಲಾಕೆ ಬಡಿದವರ ಸುದ್ದಿ ನಾವು ಬರೆಯದೆ ಅವರಿಗೆ ಮುಟ್ಟುವುದಿಲ್ಲ.