ಮೈದಾನ ಬಿಟ್ಟವರು

ವಯನಾಡಿನ ಶಿಕ್ಷಕನಾದ ನನ್ನ ಮನೆಮಾತು ಕನ್ನಡವಾದರೂ ಕಾಲ್ಚೆಂಡಾಟದಲ್ಲಿ ಒಲವು ಕೇರಳ ಬ್ಲಾಸ್ಟರ್ಸ್ ತಂಡದ ಕಡೆಗೇ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಹೆಚ್ಚುವರಿ ವೇಳೆಯಲ್ಲಿ, ನಮ್ಮವರು ಅಡ್ಡಗೋಡೆಯಾಗಿ ನಿಲ್ಲುವ ಮುನ್ನವೇ ಬೆಂಗಳೂರಿನ ಸುನಿಲ್ ಛೇತ್ರಿ ಫ್ರೀ ಕಿಕ್ ಒದೆದು ಗೋಲು ಗಳಿಸಿದರು. ರೆಫರಿ ಅದನ್ನು ಮಾನ್ಯ ಮಾಡಲು, ನಮ್ಮ ತರಬೇತುದಾರ ಇವಾನ್ ವುಕೊಮಾನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ನಾನು ಮನೆಯಲ್ಲೇ ಕುಳಿತು 'ಭಲೆ!' ಎಂದೆ.

ಸೋಮವಾರ ಶಾಲೆಯಲ್ಲಿ ಕಬಡ್ಡಿ. ಔಟಾದ ಹುಡುಗನೊಬ್ಬ ತನ್ನ ಪಾಳಿಯವರನ್ನೆಲ್ಲ ಕರೆದುಕೊಂಡು ಹೊರಟ. ಗದರಿಸಿದೆ.

"ಮಾಸ್ತರೇ, ಇವಾನರೂ ಹೀಗೆಯೇ ಮಾಡಿದರಲ್ಲವೇ?"

ಅವನ ಮಾತಿಗೆ ನಾನು ತಬ್ಬಿಬ್ಬಾದೆ. ಮುಂದೆ ಇವಾನರಿಗೆ 10 ಪಂದ್ಯಗಳ ನಿಷೇಧವೂ ತಂಡಕ್ಕೆ 4 ಕೋಟಿ ರೂಪಾಯಿ ದಂಡವೂ ಆದವು. ಆದರೆ ನನಗೆ ತೀರ್ಪು ಅಂದೇ ಆಗಿತ್ತು. ಛೇತ್ರಿ ಎಚ್ಚರವಾಗಿದ್ದರು, ನಮ್ಮವರು ಮೈಮರೆತರು. "ಅವರದೂ ತಪ್ಪು, ಭಲೆ ಎಂದ ನನ್ನದೂ ತಪ್ಪು, ಮಗು" ಎಂದೆ. ಹುಡುಗ ಆಟಕ್ಕೆ ಮರಳಿದ.