ಹಿರಿಯರು ಕಳಿಸಿದ ಕಲ್ಲುಗಳು

ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ವರ್ಷಕ್ಕೊಂದು ಸನ್ಮಾನ, ಊಟ, ಗುಂಪು ಫೋಟೊ. ನಾನು ಎಂ.ಎಸ್ಸಿ. ಓದಿದ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದ ಹಿರಿಯರಿಂದ ನಾನು ಕೇಳಿದ್ದು ಕಲ್ಲು. ಎಂಟನೇ ತರಗತಿಗೆ ಶಿಲಾಗೋಳ ಪಾಠ ಮಾಡಬೇಕಿತ್ತು. ಚಾರ್ಟಿನ ಮೇಲಿನ ಬಣ್ಣದ ಕಲ್ಲಿಗೆ ತೂಕವಿರುವುದಿಲ್ಲ.

ಇಳಕಲ್ಲಿನಿಂದ ಕೆಂಪು ಗ್ರಾನೈಟ್ ಚೂರು ಬಂತು, ಸಂಡೂರಿನಿಂದ ಕಬ್ಬಿಣದ ಅದಿರು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯದು ಫೋಟೊ ಮಾತ್ರ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಸುತ್ತಿಗೆ ಮುಟ್ಟಿಸುವಂತಿಲ್ಲ.

ಮಕ್ಕಳು ಅದಿರನ್ನು ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿದರು. ಕಪ್ಪು ಕಲ್ಲು ಕೆಂಗಂದು ಗೆರೆ ಎಳೆಯಿತು! ಎಲ್ಲರಿಗೂ ಉಜ್ಜಬೇಕು. ಆಮೇಲೆ ಫೋಟೊ ತೋರಿಸಿದೆ: ದಿಂಬು ಪೇರಿಸಿಟ್ಟಂಥ ಬಂಡೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದು ಹಾಗಾಯಿತು ಎಂದೆ.

“ಮಳೆನೇ ಇಲ್ಲದ ಚಿತ್ರದುರ್ಗದಲ್ಲಿ ಸಮುದ್ರ ಇತ್ತಾ, ಮಿಸ್?”

ಆ ಪ್ರಶ್ನೆಗೆ ಹತ್ತು ನಿಮಿಷ ಹೋಯಿತು, ಪಾಠಯೋಜನೆಯ ಮೌಲ್ಯಮಾಪನದ ಹಂತ ಉಳಿಯಿತು. ವೀಕ್ಷಕರು ಅದನ್ನು ಬರೆದುಕೊಂಡರು. ನನ್ನ ಮಟ್ಟಿಗೆ ಆ ಪ್ರಶ್ನೆಯೇ ಮೌಲ್ಯಮಾಪನ.

ಪ್ರಶ್ನೆಯನ್ನು ಅಂದೇ ಹಿರಿಯರಿಗೆ ಕಳಿಸಿದೆ. “ಶಾಲೆಯವರು ಬಸ್ಸು ಮಾಡಿದರೆ ಮರಡಿಹಳ್ಳಿಯಲ್ಲಿ ನಿಂತು ನಾನೇ ಹೇಳುತ್ತೇನೆ” ಎಂದು ಅವರಲ್ಲೊಬ್ಬರು ಬರೆದಿದ್ದಾರೆ. ಮುಖ್ಯೋಪಾಧ್ಯಾಯರು ಇನ್ನೂ ಹೂಂ ಅಂದಿಲ್ಲ.