ನಾಲ್ಕು ತಾಲೂಕು, ನಾಲ್ಕು ಗಾಲಿ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ಪ್ರವಾಸಿಗೆ ನೆಲದ ಬಣ್ಣ ಮತ್ತೆ ಮತ್ತೆ ಬದಲಾಗುವ ಸೋಜಿಗ ಕಾಣಬರುವುದು ಶಿಗ್ಗಾಂವಿಯಿಂದ ಮುಂದೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ತಾಲೂಕುಗಳು ಬಯಲುಸೀಮೆಯೂ ಮಲೆನಾಡಿನ ಸೆರಗೂ ಕೂಡುವ ನಾಡು. ಮೂಡಣಕ್ಕೆ ಎರೆಯ ಹೊಲ, ಪಡುವಣಕ್ಕೆ ಕೆಮ್ಮಣ್ಣಿನ ಗದ್ದೆ. ಇಲ್ಲಿ ಸಂಚರಿಸುವವರು ಗುಡಿ ಕೋಟೆಗಳನ್ನು ನೋಡಿದರಷ್ಟೇ ಸಾಲದು. ಗಾಲಿಯ ಕೆಳಗಿನ ಮಣ್ಣನ್ನೂ ಬಲ್ಲವರಾಗಿರಬೇಕು.

ಶಿಗ್ಗಾಂವಿ ತಾಲೂಕು ಕನಕದಾಸರ ಬಾಡವನ್ನೂ, ಶಿಶುನಾಳ ಷರೀಫರ (1819–1889) ಊರನ್ನೂ, ಬಂಕಾಪುರದ ಹಳೆಯ ಕೋಟೆಯನ್ನೂ ತನ್ನ ಮಡಿಲಲ್ಲಿ ಇರಿಸಿಕೊಂಡಿದೆ. ಪುಣೆ–ಬೆಂಗಳೂರು ಹೆದ್ದಾರಿ ಈ ತಾಲೂಕನ್ನು ಸೀಳಿಕೊಂಡೇ ಹೋಗುತ್ತದೆ. ಹೆದ್ದಾರಿಯ ಮೇಲೆ ನುಣುಪಾದ ಒಣ ದಾರಿ. ಪಕ್ಕದ ಹೊಲದ ದಾರಿಗೆ ಇಳಿದರೆ ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಸವಣೂರಿನತ್ತ ಸಾಗಿದಂತೆ ಎರೆಯ ಪ್ರಭಾವ ಹೆಚ್ಚುತ್ತದೆ. ನವಾಬರು ಆಳಿದ, ವೀಳ್ಯದೆಲೆಗೆ ಹೆಸರಾದ, ವಿ. ಕೃ. ಗೋಕಾಕರು 1909ರಲ್ಲಿ ಜನಿಸಿದ ಊರಿದು. ದೊಡ್ಡಹುಣಸೆ ಕಲ್ಮಠದ ಆವರಣದ ಭಾರಿ ಮರಗಳನ್ನು ನೋಡಿ ಬೆರಗಾಗದವರಿಲ್ಲ. ಆದರೆ ಸುತ್ತಲಿನ ಎರೆಮಣ್ಣು ಒಂದು ಹದಮಳೆಗೇ ಅಂಟಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಹಿಂದಿನ ಗಾಲಿಗಳೆರಡೇ ತಿರುಗುವ ಗಾಡಿ ನಿಂತಲ್ಲೇ ಹೂತುಹೋಗುವುದು ಸಾಮಾನ್ಯ.

ಈ ತೊಂದರೆಗೆ ಪರಿಹಾರವಾಗಿ ಬಂದದ್ದು ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಜೀಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನವನ್ನು ಮಹೀಂದ್ರಾ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಅದರ ಸಂತತಿ ಹಳ್ಳಿ ಹಳ್ಳಿಗೂ ಹಬ್ಬಿತು. ಹಳೆಯ ಜೀಪುಗಳಲ್ಲಿ ಗೇರಿನ ಮಗ್ಗುಲಲ್ಲಿಯೇ ಇನ್ನೊಂದು ಚಿಕ್ಕ ಲಿವರ್ ಇರುತ್ತದೆ. ಕೆಸರಿಗೆ ಇಳಿಯುವಾಗ ಅದನ್ನು ಫೋರ್ ವೀಲಿಗೆ ಹಾಕಿದರೆ ಮುಂದಿನ ಗಾಲಿಗಳೂ ಎಳೆಯುತ್ತವೆ. ಹಾಕುವುದನ್ನು ಯಾರೂ ಮರೆಯುವುದಿಲ್ಲ, ಏಕೆಂದರೆ ಕೆಸರೇ ನೆನಪಿಸುತ್ತದೆ. ಒಣ ರಸ್ತೆಗೆ ಬಂದ ಮೇಲೆ ತೆಗೆಯುವುದನ್ನು ಮಾತ್ರ ನೆನಪಿಸುವವರಿಲ್ಲ. ಹಳೆಯ ಗಾಡಿಗಳು ಹಲವದರಲ್ಲಿ ಅದನ್ನು ತಿಳಿಸುವ ದೀಪವೂ ಇರುವುದಿಲ್ಲ.

ಮರೆತರೆ ಆಗುವುದೇನು? ನಮ್ಮ ಕಣದ ಒಕ್ಕಣೆಯನ್ನು ನೆನೆದುಕೊಂಡರೆ ಸಂಗತಿ ತಿಳಿಯಾಗುತ್ತದೆ. ಸಾಲಾಗಿ ಕಟ್ಟಿದ ಎತ್ತುಗಳು ಮೇಟಿಯ ಸುತ್ತ ತಿರುಗುವಾಗ ಒಳಗಿನ ಎತ್ತು ಮೆಲ್ಲಗೆ ನಡೆಯುತ್ತದೆ. ಹೊರಗಿನದು ಅದೇ ಹೊತ್ತಿನಲ್ಲಿ ಹೆಚ್ಚು ದೂರ ನಡೆಯಬೇಕು. ಗಾಡಿ ತಿರುವಿನಲ್ಲಿ ಹೊರಳುವಾಗಲೂ ಹೀಗೆಯೇ, ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತಿನಲ್ಲಿ ಸಾಗುತ್ತವೆ. ಎರಡು ಅಚ್ಚುಗಳ ನಡುವೆ 2.4 ಮೀಟರ್ ಅಂತರವಿರುವ ಜೀಪು, ಹಿಂದಿನ ಅಚ್ಚಿನ ನಡುವಿಗೆ 5 ಮೀಟರ್ ತ್ರಿಜ್ಯ ಬರುವಂತೆ ಕಾಲು ಸುತ್ತು ತಿರುಗಿತೆಂದು ಇಟ್ಟುಕೊಳ್ಳೋಣ. ಹಿಂದಿನ ಅಚ್ಚು ಸುಮಾರು 7.85 ಮೀಟರ್ ಸಾಗಿದರೆ ಮುಂದಿನದು ಸುಮಾರು 8.7 ಮೀಟರ್ ಸಾಗಬೇಕು. ಒಂದೇ ತಿರುವಿಗೆ ಹೆಚ್ಚುಕಡಿಮೆ ಮೂರು ಅಡಿಗಳ ವ್ಯತ್ಯಾಸ!

ಫೋರ್ ವೀಲಿಗೆ ಹಾಕಿದಾಗ ಇಂಥ ಗಾಡಿಯ ಮುಂದಿನ, ಹಿಂದಿನ ಅಚ್ಚುಗಳು ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಕೆಸರಿನಲ್ಲಿ ಗಾಲಿ ತುಸು ಜಾರಿ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತದೆ. ಒಣ ಡಾಂಬರು ಜಾರಗೊಡುವುದಿಲ್ಲ. ಆಗ ಶಾಫ್ಟು, ಹಲ್ಲುಗಾಲಿಗಳು ಹೊಸೆದ ಹಗ್ಗದಂತೆ ಬಿಗಿದುಕೊಳ್ಳುತ್ತವೆ. ಸ್ಟಿಯರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಗಾಡಿ ತಡವರಿಸಿ ಕುಪ್ಪಳಿಸುತ್ತದೆ, ಟಯರು ಉಜ್ಜಿ ಸವೆಯುತ್ತದೆ, ಡೀಸೆಲ್ ಹೆಚ್ಚು ಉರಿಯುತ್ತದೆ. ಹೀಗೆಯೇ ಬಹುದೂರ ಓಡಿಸಿದರೆ ಒಳಗಿನ ಹಲ್ಲುಗಳಿಗೂ ಜಾಯಿಂಟುಗಳಿಗೂ ಪೆಟ್ಟು. ಬಾಡಿಗೆಯ ಪಿಕಪ್ಪನ್ನೇ ನೆಚ್ಚಿ ಸಂಸಾರ ತೂಗಿಸುವವನಿಗೆ ಇದು ಹೊಟ್ಟೆಯ ಮೇಲಿನ ಪೆಟ್ಟೇ ಸರಿ.

ಹಾನಗಲ್ಲಿಗೆ ಬಂದರೆ ನೋಟವೇ ಬೇರೆ. ಶಾಸನಗಳ ಪಾನುಂಗಲ್ಲು ಇದು. ತಾರಕೇಶ್ವರ ಗುಡಿಯ ಪದ್ಮಾಕಾರದ ಕಲ್ಲಿನ ಭುವನೇಶ್ವರಿಯನ್ನು ತಲೆಯೆತ್ತಿ ನೋಡಿದವರು ಕಣ್ಣು ಕೀಳಲಾರರು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಕುಮಾರ ಶಿವಯೋಗಿಗಳ ಹೆಸರಿನೊಡನೆ ಈ ಊರಿನ ಹೆಸರೂ ಬೆಸೆದುಕೊಂಡಿದೆ. ಧರ್ಮಾ ನದಿಯೂ ಕೆರೆಗಳೂ ನೀರುಣಿಸುವ ಭತ್ತದ ಸೀಮೆಯಲ್ಲಿ ಜೀಪಿಗಿಂತ ಟ್ರ್ಯಾಕ್ಟರಿನ ಕೆಲಸವೇ ಹೆಚ್ಚು. ಫೋರ್ ವೀಲ್ ಟ್ರ್ಯಾಕ್ಟರುಗಳಲ್ಲಿ ಮುಂದಿನ ಚಿಕ್ಕ ಗಾಲಿಗಳು ಹಿಂದಿನವುಗಳಿಗಿಂತ ಶೇಕಡಾ 1ರಿಂದ 5ರಷ್ಟು ಮುಂದೋಡುವಂತೆ ಹಲ್ಲುಗಳನ್ನು ಜೋಡಿಸಿರುತ್ತಾರೆ. ರೊಳ್ಳೆ ಹೊಡೆಯುವ ಗದ್ದೆಯಲ್ಲಿ ಇದು ಗುಣ. ಅದೇ ಸ್ಥಿತಿಯಲ್ಲಿ ಡಾಂಬರಿನ ಮೇಲೆ ಸಂತೆಗೆ ಹೊರಟರೆ, ನೇರ ದಾರಿಯಲ್ಲಿಯೂ ಮುಂದಿನ ಟಯರುಗಳು ತೇಯುತ್ತಲೇ ಇರುತ್ತವೆ.

ಹಿರೇಕೆರೂರಿನ ಕಡೆಗೆ ದಾರಿ ಏರಿಳಿಯತೊಡಗುತ್ತದೆ. ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವಿರುವ ಅಬ್ಬಲೂರು, ಸರ್ವಜ್ಞನ ನೆನಪಿನ ಮಾಸೂರು, ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ಕಟ್ಟಿದ ಮದಗದ ಕೆರೆ, ಇವೆಲ್ಲ ಈ ಭಾಗದ ಸಂಪತ್ತು. ತಿರುವು ಬಂದಾಗ ಬಿಗಿದುಕೊಂಡ ಗಾಡಿ ಚಾಲಕನ ಕೈಮಾತು ಕೇಳದೆ ನೇರಕ್ಕೆ ಎಳೆಯುತ್ತದೆ. ಎದುರಿನಿಂದ ಬಸ್ಸು ಬರುತ್ತಿದ್ದರೆ ಟಯರಿನ ಲೆಕ್ಕ ಹೋಗಿ ಜೀವದ ಲೆಕ್ಕವಾಗುತ್ತದೆ. ಇದಕ್ಕೆ ಒಂದು ಅಪವಾದವುಂಟು. ಬಹಳಷ್ಟು ಟ್ರ್ಯಾಕ್ಟರುಗಳ ಬ್ರೇಕು ಹಿಂದಿನ ಗಾಲಿಗಳಿಗಷ್ಟೇ ಇರುವುದರಿಂದ, ಹೇರು ತುಂಬಿದ ಟ್ರೇಲರಿನೊಡನೆ ಕಡಿದಾದ ಇಳಿಜಾರು ಇಳಿಯುವಾಗ ಫೋರ್ ವೀಲಿಗೆ ಹಾಕಿದರೆ ನಾಲ್ಕೂ ಗಾಲಿಗಳಿಗೆ ತಡೆ ಸಿಗುತ್ತದೆ. ಇಳಿದಾದ ಮೇಲೆ ತೆಗೆಯಬೇಕು.

ಒಣ ರಸ್ತೆಯಲ್ಲಿ ಲಿವರ್ ಸಿಕ್ಕಿಕೊಂಡರೆ ಬಡಿದು, ಜಗ್ಗಿ ಎಳೆಯಬಾರದು. ಹಿಂದೆ ಮುಂದೆ ನೋಡಿ, ನೇರವಾಗಿ ಕೆಲವು ಅಡಿ ರಿವರ್ಸ್ ಬಂದರೆ ಹುರಿ ಬಿಚ್ಚಿ ಲಿವರ್ ಸಡಿಲವಾಗುತ್ತದೆ. ಇಲ್ಲವೇ ರಸ್ತೆಯ ಮಗ್ಗುಲಿನ ಸಡಿಲ ಮಣ್ಣಿಗೆ ಇಳಿಸಿ ತುಸು ಓಡಿಸಬೇಕು. ನಾಲ್ಕೂ ಟಯರುಗಳ ಅಳತೆ, ಗಾಳಿ, ಸವೆತ ಕಂಪನಿ ಹೇಳಿದಂತೆಯೇ ಇರಲಿ. ಎರಡು ಅಚ್ಚುಗಳ ನಡುವೆಯೂ ಡಿಫರೆನ್ಷಿಯಲ್ ಇರುವ ಕೆಲವು ವಾಹನಗಳು ಒಣ ರಸ್ತೆಯಲ್ಲಿಯೂ ನಾಲ್ಕು ಗಾಲಿಗಳ ಬಲದಿಂದ ಓಡಬಲ್ಲವು. ತಮ್ಮದು ಯಾವ ಬಗೆಯದೆಂಬುದನ್ನು ಗಾಡಿಯ ಪುಸ್ತಕ ನೋಡಿ ತಿಳಿಯುವುದು ಲೇಸು. ಹೊಲದಿಂದ ಡಾಂಬರಿಗೆ ಏರಿದೊಡನೆ ಗಾಡಿ ನಿಲ್ಲಿಸಿ, ಗಾಲಿಯ ಮಣ್ಣು ಕೆರೆದು, ಲಿವರ್ ನೋಡುವ ರೂಢಿ ಮನೆಯ ಎಳೆಯರಿಗೂ ಬರಲಿ. ಸ್ಟಿಯರಿಂಗ್ ಹಿಡಿದವರು ಮರೆತರೆ ಪಕ್ಕದಲ್ಲಿ ಕುಳಿತವರು ಕೇಳಲಿ.